ಸಾಲಿಗೆ ಎಷ್ಟು ಗಿಡ, ಎಲೆಗೆ ಎಷ್ಟು ಗೊಬ್ಬರ?

ಈ ಸಲದ ಅಂಚೆಯಲ್ಲಿ ಹೆಚ್ಚಿನ ಪತ್ರಗಳು ತೊಗರಿ, ಅವರೆ, ಹೆಸರಿನವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯವರು ಸುತ್ತಿ ಬಳಸಿ ಕೇಳಿರುವುದು ಎರಡೇ ಮಾತು: ಎಡೆ ಎಷ್ಟು ಬಿಡಬೇಕು, ಎಲೆಗೆ ಏನು ಹೊಡೆಯಬೇಕು. ಒಂದೇ ತರಹದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಭರಣಿ ಮಳೆಗೆ ತೆಂಗಿನ ಸಾಲಿನ ನಡುವೆ ಹೆಸರು ಹಾಕುತ್ತೇವೆ. ಎಕರೆಗೆ ಹತ್ತು ಕೆ.ಜಿ. ಬೀಜ ಕೈಯಲ್ಲಿ ಚೆಲ್ಲುವುದು ವಾಡಿಕೆ. ಗಿಡ ಒತ್ತಾಗಿ ಬರುತ್ತದೆ, ಕಾಯಿ ಮಾತ್ರ ತುದಿಯಲ್ಲಿ ನಾಲ್ಕೈದು. ಬೀಜ ಕಡಿಮೆ ಮಾಡಿದರೆ ಇರುವ ಇಳುವರಿಯೂ ಹೋಗುವುದಿಲ್ಲವೇ?
— ಚಿಕ್ಕನಾಯಕನಹಳ್ಳಿ ತಾಲ್ಲೂಕು

ಉತ್ತರ: ಕಾಳು ಎಣಿಸಿ ನೋಡೋಣ. ಹೆಸರಿನ ಸಾವಿರ ಕಾಳು ಸುಮಾರು 35 ಗ್ರಾಂ ತೂಗುತ್ತದೆ. ಹತ್ತು ಕೆ.ಜಿ. ಎಂದರೆ 2.8 ಲಕ್ಷ ಕಾಳು. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಲೆಕ್ಕದಲ್ಲಿ ಎಕರೆಗೆ ಬೇಕಾದ ಗಿಡ 1.35 ಲಕ್ಷ. ಅಂದರೆ ನೀವು ಬೇಕಾದದ್ದರ ದುಪ್ಪಟ್ಟು ಚೆಲ್ಲುತ್ತಿದ್ದೀರಿ. ಹದ ಸಿಕ್ಕಿ ಎಲ್ಲವೂ ಹುಟ್ಟಿದ ವರ್ಷ ನೆಲ ಕಾಣದಷ್ಟು ಹಸಿರು, ಕಣಕ್ಕೆ ಬಂದಾಗ ಬರೀ ಹೊಟ್ಟು.

ಹೆಸರು ಕಾಯಿ ಕಟ್ಟುವುದು ಗೆಣ್ಣು ಗೆಣ್ಣಿನಲ್ಲಿ. ಒತ್ತಾದ ಹೊಲದಲ್ಲಿ ಗಿಡ ಬೆಳಕಿಗಾಗಿ ಮೇಲೆ ಎಳೆಯುತ್ತದೆ. ಕೆಳಗಿನ ಗೆಣ್ಣುಗಳಿಗೆ ಬಿಸಿಲು ತಲುಪದೆ ಅಲ್ಲಿಯ ಹೂವು ಉದುರಿ, ತುದಿಯದ್ದಷ್ಟೇ ಉಳಿಯುತ್ತದೆ. ಒಂದು ಗಿಡ ಕಿತ್ತು ನೋಡಿ: ಬುಡದ ನಾಲ್ಕೈದು ಗೆಣ್ಣು ಉದ್ದವಾಗಿ ಎಳೆದುಕೊಂಡು ಬೋಳಾಗಿದ್ದರೆ ತೊಂದರೆ ಗೊಬ್ಬರದ್ದಲ್ಲ, ಜಾಗದ್ದು. ಗಾಳಿ ಆಡದ ಕಡೆ ಬೂದಿ ರೋಗವೂ ಮೊದಲು ಬರುತ್ತದೆ.

ಇನ್ನು ಅಳತೆ. ಎಕರೆಗೆ 5ರಿಂದ 6 ಕೆ.ಜಿ. ಬೀಜ ಸಾಕು, ಅದೂ ಸಾಲಿನಲ್ಲಿ. ತೆಂಗಿನ ತೋಟವಾದರೆ ಪಾತಿಯ ಜಾಗ ಕಳೆಯಿರಿ. 30 ಅಡಿ ಅಂತರದ ತೋಟದಲ್ಲಿ ಎಕರೆಗೆ 48 ಮರ. ಬುಡದ ಸುತ್ತ ಆರಡಿ ಬಿಟ್ಟರೆ ಐದು ಗುಂಟೆಯಷ್ಟು ಪಾತಿಗೇ ಹೋಗುತ್ತದೆ. ಅಲ್ಲಿಗೂ ಬೀಜ ಚೆಲ್ಲಿದರೆ ಮರದ ಬೇರಿನ ಜೊತೆ ಗುದ್ದಾಡಿ ಸೊರಗುತ್ತದೆ. ಕೂರಿಗೆಯಲ್ಲಿ ಬಿತ್ತುವಾಗ ಬೀಜ ಹೆಚ್ಚು ಇಳಿಯದಂತೆ ಅಷ್ಟೇ ಪ್ರಮಾಣದ ಜರಡಿ ಹಿಡಿದ ಒಣ ಮರಳು ಬೆರೆಸಿ. ಆಳ 3ರಿಂದ 5 ಸೆಂ.ಮೀ. ಇರಲಿ.

ಬಿತ್ತಿದ ಹತ್ತನೇ ದಿನ ಹೊಲಕ್ಕೆ ಒಂದು ಹಗ್ಗ ತೆಗೆದುಕೊಂಡು ಹೋಗಿ. 30 ಸೆಂ.ಮೀ. ಸಾಲಿನಲ್ಲಿ 3.3 ಮೀಟರ್ ಉದ್ದ ಅಳೆದರೆ ಅದು ಒಂದು ಚದರ ಮೀಟರಿಗೆ ಸಮ. ಅಷ್ಟರಲ್ಲಿ 33 ಗಿಡ ಇರಬೇಕು. ಐದು ಕಡೆ ಎಣಿಸಿ ಸರಾಸರಿ ತೆಗೆಯಿರಿ. 28ರಿಂದ 38ರ ಒಳಗಿದ್ದರೆ ಕೈ ಹಚ್ಚಬೇಡಿ. 45 ದಾಟಿದ್ದರೆ ನೆಲದಲ್ಲಿ ತೇವ ಇರುವಾಗಲೇ, 15 ದಿನದೊಳಗೆ, ಬಡಕಲು ಗಿಡ ಕಿತ್ತು ತೆಳುವು ಮಾಡಿ. ತಡವಾದರೆ ಪಕ್ಕದ ಗಿಡದ ಬೇರೂ ಜೊತೆಗೆ ಏಳುತ್ತದೆ. 20ಕ್ಕಿಂತ ಕಡಿಮೆ ಇದ್ದರೆ ಕೂಡಲೇ ನೆನೆಸಿದ ಬೀಜದಿಂದ ಖಾಲಿ ಜಾಗ ತುಂಬಬಹುದು. ಆಮೇಲೆ ತುಂಬಿದ ಗಿಡ ನೆರಳಿಗೆ ಬಿದ್ದು, ಬೇರೆಲ್ಲ ಒಣಗಿದಾಗ ಹಸಿ ಕಾಯಿ ಹೊತ್ತು ನಿಲ್ಲುತ್ತದೆ. ಕೊಯ್ಲಿಗೆ ಅದೊಂದು ಕಾಟ. ತೊಗರಿ ಆದರೆ ರೆಂಬೆ ಹರಡಿ ಖಾಲಿ ಜಾಗ ತುಂಬಿಕೊಳ್ಳುತ್ತದೆ. 65–70 ದಿನದ ಹೆಸರಿಗೆ ಅಷ್ಟು ಪುರುಸೊತ್ತಿಲ್ಲ. ಹಾಗಾಗಿ ಹೆಸರಿನಲ್ಲಿ ತೆಳುವಾದರೂ ನಷ್ಟ, ಒತ್ತಾದರೂ ನಷ್ಟ.

ಪ್ರಶ್ನೆ: ಎಲೆಗೇ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಹರಳು ಗೊಬ್ಬರ) ಹೊಡೆಯುವುದಾದರೆ ಬಿತ್ತುವಾಗ ಗೊಬ್ಬರ ಯಾಕೆ ಹಾಕಬೇಕು? ಆ ಖರ್ಚು ಉಳಿಸಬಹುದಲ್ಲ?
— ಚಿಂತಾಮಣಿ ತಾಲ್ಲೂಕು

ಉತ್ತರ: ಉಳಿಸಲಾಗದು. ತೊಗರಿ, ಅವರೆಗೆ ಶಿಫಾರಸು ಹೆಕ್ಟೇರಿಗೆ 25:50:25. ಎಕರೆಗೆ 10 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ, 10 ಕೆ.ಜಿ. ಪೊಟ್ಯಾಷ್. ನೂರು ಲೀಟರಿಗೆ 2 ಕೆ.ಜಿ.ಯಂತೆ 200 ಲೀಟರ್ ಹೊಡೆದರೆ ಎಕರೆಗೆ ಬೀಳುವುದು 4 ಕೆ.ಜಿ. ಡಿಎಪಿ. ಅದರಲ್ಲಿ ಸಾರಜನಕ ಮುಕ್ಕಾಲು ಕೆ.ಜಿ.ಯೂ ಇಲ್ಲ, ರಂಜಕ 1.8 ಕೆ.ಜಿ. ಬೇಕಾದ ರಂಜಕದ ಹತ್ತನೇ ಒಂದು ಪಾಲೂ ಆಗಲಿಲ್ಲ. ಅದೂ ಹೂವಿನ ಹೊತ್ತಿಗೆ. ರಂಜಕ ಬೇಕಾಗುವುದು ಬೇರು ಇಳಿಯುವಾಗ, ಗಂಟು ಕಟ್ಟುವಾಗ, ಅಂದರೆ ಮೊದಲ ಮೂರು ವಾರ.

ಹಾಗಾದರೆ ಎಲೆಗೆ ಯಾಕೆ? ಹೂವು ಬಿಟ್ಟ ಮೇಲೆ ಗಿಡ ತಾನು ತಯಾರಿಸಿದ ಸಕ್ಕರೆಯನ್ನೆಲ್ಲ ಕಾಯಿಗೆ ಕಳಿಸುತ್ತದೆ, ಬೇರಿನ ಗಂಟುಗಳು ಉಪವಾಸ ಬೀಳುತ್ತವೆ. ಗಾಳಿಯ ಸಾರಜನಕ ಹಿಡಿಯುವ ಕೆಲಸ ನಿಧಾನವಾಗುತ್ತದೆ. ಕಾಳಿಗೆ ಸಾರಜನಕ ಬೇಕೇ ಬೇಕು, ಅದನ್ನು ಗಿಡ ತನ್ನ ಎಲೆಯಿಂದಲೇ ಕಿತ್ತು ಕೊಡುತ್ತದೆ. ಎಲೆ ಹಳದಿಯಾಗಿ ಉದುರುತ್ತದೆ, ಕೊನೆಗೆ ಕಟ್ಟಿದ ಕಾಯಿ ಜೊಳ್ಳಾಗುತ್ತದೆ. ಮಳೆಯಾಶ್ರಯದಲ್ಲಿ ಅದೇ ಹೊತ್ತಿಗೆ ಮೇಲ್ಮಣ್ಣೂ ಒಣಗಿರುತ್ತದೆ, ಮಣ್ಣಿನಲ್ಲಿ ಗೊಬ್ಬರ ಇದ್ದರೂ ಬೇರಿಗೆ ಎಟುಕದು. ಆ ಎರಡು ಮೂರು ವಾರ ಎಲೆಯನ್ನು ಹಸಿರಾಗಿ ಹಿಡಿದಿಡುವುದಷ್ಟೇ ಸಿಂಪರಣೆಯ ಕೆಲಸ. ಊಟ ಬುಡಕ್ಕೆ, ಎಲೆಗೆ ಕೊಡುವುದು ಹಸಿದ ಹೊತ್ತಿನ ಒಂದು ಲೋಟ ಗಂಜಿ.

ಬುಡಕ್ಕೆ ಎಕರೆಗೆ 44 ಕೆ.ಜಿ. ಡಿಎಪಿ, 5 ಕೆ.ಜಿ. ಯೂರಿಯಾ, 17 ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಗೊಬ್ಬರ ಬೀಜಕ್ಕೆ ತಾಗದಂತೆ ಪಕ್ಕಕ್ಕೆ, ಐದು ಸೆಂ.ಮೀ. ಆಚೆ ಬೀಳಬೇಕು. ಬೀಜಕ್ಕೆ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿಸುವ ಸೂಕ್ಷ್ಮಜೀವಿ) ಹಚ್ಚುವುದನ್ನು ಮರೆಯಬೇಡಿ: ಎಕರೆಯ ಬೀಜಕ್ಕೆ 200 ಗ್ರಾಂ ಪೊಟ್ಟಣ, ಆರಿದ ಬೆಲ್ಲದ ಪಾಕದಲ್ಲಿ ಲೇಪಿಸಿ, ನೆರಳಲ್ಲಿ ಒಣಗಿಸಿ, ಅದೇ ದಿನ ಬಿತ್ತನೆ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಕಡಲೆಗೆಂದು ಕೊಡುವ ಪೊಟ್ಟಣ ತೊಗರಿಗೆ ಆಗುವುದಿಲ್ಲ, ಅಂಗಡಿಯಲ್ಲಿ ಬೆಳೆಯ ಹೆಸರು ಓದಿ ತನ್ನಿ.

ಹಚ್ಚಿದ್ದು ಹತ್ತಿತೇ ಎಂದು ತಿಳಿಯಲು 30ನೇ ದಿನ ಒಂದು ಗಿಡವನ್ನು ಎಳೆಯದೆ ಗುದ್ದಲಿಯಲ್ಲಿ ಮಣ್ಣುಸಮೇತ ಎತ್ತಿ, ನೀರಲ್ಲಿ ಅಲುಗಿಸಿ. ಗಂಟನ್ನು ಉಗುರಲ್ಲಿ ಸೀಳಿದಾಗ ಒಳಗೆ ನಸುಗೆಂಪು ಇದ್ದರೆ ಕೆಲಸ ಮಾಡುತ್ತಿದೆ. ಬಿಳಿ ಅಥವಾ ಹಸಿರು ಇದ್ದರೆ ಇಲ್ಲ.

ಪ್ರಶ್ನೆ: ಹೆಸರಿಗೆ ಡಿಎಪಿ ಹೊಡೆದ ಮಾರನೇ ದಿನ ಎಲೆಯ ಅಂಚು ಸುಟ್ಟಂತಾಯಿತು. ನಾಜಲ್ ಕೂಡ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಒಂದು ಟ್ಯಾಂಕಿಗೆ ಎರಡು ಹಿಡಿ ಹಾಕಿದ್ದೆವು. ಸರಿಯಾದ ಕ್ರಮ ತಿಳಿಸಿ.
— ಮಧುಗಿರಿ ತಾಲ್ಲೂಕು

ಉತ್ತರ: ಹಿಡಿಯ ಲೆಕ್ಕ ಬಿಡಿ. ಒಬ್ಬರ ಹಿಡಿ ಇನ್ನೊಬ್ಬರ ಒಂದೂವರೆ ಹಿಡಿ. ತಕ್ಕಡಿಯಲ್ಲಿ ತೂಗಿ.

ಶೇ 2ರ ದ್ರಾವಣ ಎಂದರೆ ಲೀಟರಿಗೆ 20 ಗ್ರಾಂ, 16 ಲೀಟರ್ ಟ್ಯಾಂಕಿಗೆ 320 ಗ್ರಾಂ, ಎಕರೆಯ 200 ಲೀಟರಿಗೆ 4 ಕೆ.ಜಿ. ಹಿಂದಿನ ಸಂಜೆ 4 ಕೆ.ಜಿ. ಡಿಎಪಿಯನ್ನು 20 ಲೀಟರ್ ನೀರಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆನೆಹಾಕಿ, ಮಲಗುವ ಮುಂಚೆ ಒಮ್ಮೆ ಕೋಲಿನಿಂದ ಚೆನ್ನಾಗಿ ತಿರುವಿ. ಬೆಳಗ್ಗೆ ಮತ್ತೆ ಕಲಕಬೇಡಿ. ಅಡಿಯಲ್ಲಿ ಬೂದು ಬಣ್ಣದ ಗಸಿ ಕೂತಿರುತ್ತದೆ. ಮೇಲಿನ ತಿಳಿಯನ್ನಷ್ಟೇ ಹಳೆ ಪಂಚೆಯನ್ನು ಎರಡು ಮಡಿಕೆ ಮಾಡಿ ಸೋಸಿಕೊಳ್ಳಿ. ಗಸಿಯನ್ನು ತಿಪ್ಪೆಗೆ ಹಾಕಿ, ದಂಡವಾಗದು. ಸೋಸಿದ ತಿಳಿ 20 ಲೀಟರಿಗಿಂತ ಕಡಿಮೆ ಬಂದಿದ್ದರೆ ನೀರು ಸೇರಿಸಿ ಮತ್ತೆ 20 ಮಾಡಿಕೊಳ್ಳಿ, ಆಗ ಲೆಕ್ಕ ಕೆಡುವುದಿಲ್ಲ. ಟ್ಯಾಂಕಿಗೆ ಅರ್ಧ ನೀರು ತುಂಬಿ, 1.6 ಲೀಟರ್ ತಿಳಿ ಸುರಿದು, ಉಳಿದ ನೀರು ತುಂಬಿ. ನಿಮ್ಮ ನಾಜಲ್ ಕಟ್ಟಿದ್ದು ಹರಳನ್ನು ನೇರ ಟ್ಯಾಂಕಿಗೆ ಹಾಕಿದ್ದರಿಂದ. ಹರಳಿನ ಮೇಲಿನ ಲೇಪ ಕರಗುವುದಿಲ್ಲ, ಅದೇ ಹೋಗಿ ಸಿಕ್ಕಿಕೊಳ್ಳುತ್ತದೆ.

ಎಲೆ ಸುಡುವುದಕ್ಕೆ ಕಾರಣ ಎಲೆಯ ಮೇಲೆ ಉಳಿದ ಉಪ್ಪು. ನೀರು ಬೇಗ ಆರಿದಷ್ಟೂ ದ್ರಾವಣ ಗಟ್ಟಿಯಾಗುತ್ತದೆ. ನೀರು ಇಳಿದು ಅಂಚಿನಲ್ಲಿ ನಿಲ್ಲುವುದರಿಂದ ಸುಡುವುದೂ ಅಂಚಿನಿಂದಲೇ. ಬಿಸಿಲೇರಿದ ಮೇಲೆ ಹೊಡೆದರೆ, ಬಾಡಿದ ಗಿಡಕ್ಕೆ ಹೊಡೆದರೆ, ತೊಟ್ಟಿಕ್ಕುವಷ್ಟು ಸುರಿದರೆ ಹೀಗೇ ಆಗುವುದು. ಸಂಜೆ ನಾಲ್ಕರ ಮೇಲೆ ಹೊಡೆಯಿರಿ. ರಾತ್ರಿಯ ತೇವದಲ್ಲಿ ಎಲೆ ನಿಧಾನವಾಗಿ ಹೀರಿಕೊಳ್ಳುತ್ತದೆ. ಹೂವಿನ ಮೇಲೆ ಜೇನು ಆಡುವ ಹೊತ್ತೂ ಆಗ ಮುಗಿದಿರುತ್ತದೆ, ಇದು ಸಣ್ಣ ಲಾಭವಲ್ಲ. ಬೆಳಗ್ಗೆಯೇ ಆಗಬೇಕೆಂದರೆ ಇಬ್ಬನಿ ಆರಿದ ಮೇಲೆ, ಒಂಬತ್ತರ ಒಳಗೆ. ಮಂಜಿನಂತೆ ಹನಿ ಬಿಡುವ ಕೋನ್ ನಾಜಲ್ ಹಾಕಿ, ಎಲೆಯ ಅಡಿಯೂ ನೆನೆಯುವಂತೆ ಕೋಲನ್ನು ಬಗ್ಗಿಸಿ ಹೊಡೆಯಿರಿ. ಕಳೆನಾಶಕದ ಚಪ್ಪಟೆ ನಾಜಲ್ ಇದಕ್ಕಲ್ಲ.

ಹೆಸರಿಗೆ ಮೊದಲ ಸಲ 30–35ನೇ ದಿನ ಹೂವು ಶುರುವಾದಾಗ, ಎರಡನೆಯದು ಹದಿನೈದು ದಿನ ಬಿಟ್ಟು. ಹೊಡೆದ ನಾಲ್ಕೈದು ಗಂಟೆಯೊಳಗೆ ಜೋರು ಮಳೆ ಬಂದರೆ ಬಹುಪಾಲು ತೊಳೆದುಹೋಯಿತೆಂದೇ ತಿಳಿಯಿರಿ. ಹಾಗೆಂದು ಮಾರನೇ ದಿನವೇ ಪೂರಾ ಪ್ರಮಾಣ ಹೊಡೆಯಬೇಡಿ, ಮೂರ್ನಾಲ್ಕು ದಿನ ಬಿಡಿ.

ಅಂಚು ಸುಟ್ಟ ಗಿಡಕ್ಕೆ ಏನೂ ಮಾಡಬೇಡಿ. ಚಿಗುರು ಸರಿ ಇದ್ದರೆ ಚೇತರಿಸಿಕೊಳ್ಳುತ್ತದೆ.

ಪ್ರಶ್ನೆ: ರಾಗಿಯಲ್ಲಿ ತೊಗರಿ ಅಕ್ಕಡಿ ಹಾಕುತ್ತೇವೆ. ತೊಗರಿ ಸಣಕಲಾಗಿ ಉದ್ದ ಬೆಳೆದು ರಾಗಿ ಕೊಯ್ದ ಮೇಲೆ ಬಾಗುತ್ತದೆ. ಎಷ್ಟು ಸಾಲಿಗೆ ಒಂದು ಹಾಕಬೇಕು? ಕುಡಿ ಚಿವುಟಿದರೆ ಒಳ್ಳೆಯದಂತೆ, ನಿಜವೇ?
— ಶಿಡ್ಲಘಟ್ಟ ಮತ್ತು ಗೌರಿಬಿದನೂರು ತಾಲ್ಲೂಕುಗಳಿಂದ ಮೂವರು

ಉತ್ತರ: ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ಇದು ನಮ್ಮ ಕೆಂಪು ಮಣ್ಣಿಗೆ ಹೊಂದಿದ ಅಳತೆ. ತೊಗರಿಯ ಎರಡು ಸಾಲಿನ ನಡುವೆ 60 ಸೆಂ.ಮೀ., ತೊಗರಿಗೂ ರಾಗಿಗೂ 30 ಸೆಂ.ಮೀ., ತೊಗರಿ ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಹೀಗೆ ಹಾಕಿದರೆ ಎಕರೆಗೆ ಸುಮಾರು 8,000 ತೊಗರಿ ಗಿಡ ನಿಲ್ಲುತ್ತವೆ, ಗುಳಿಗೆ ಎರಡು ಕಾಳಿನಂತೆ ಎರಡು ಕೆ.ಜಿ. ಬೀಜ ಸಾಕು. ಮೂರನೇ ವಾರ ಗುಳಿಗೆ ಒಂದೇ ಗಿಡ ಉಳಿಸಿ. ಈ ಕೊನೆಯ ಕೆಲಸವನ್ನೇ ಬಹಳ ಮಂದಿ ಮಾಡುವುದಿಲ್ಲ, ಬೆಳೆದ ಗಿಡ ಕೀಳಲು ಮನಸ್ಸು ಬರುವುದಿಲ್ಲ. ನಿಮ್ಮ ಹೊಲದ ಸಣಕಲು ಗಿಡದ ಮೂಲ ಬಹುತೇಕ ಅಲ್ಲೇ ಇದೆ: ಕೂರಿಗೆಯ ಹಿಂದೆ ಸಡ್ಡೆಯಲ್ಲಿ (ಬೀಜ ಬಿಡುವ ಕೊಳವೆ) ಬಿಟ್ಟ ಬೀಜ ಒಂದೇ ಕಡೆ ನಾಲ್ಕೈದು ಬಿದ್ದು, ಎಲ್ಲವೂ ಒಂದೇ ಗುಳಿಯಲ್ಲಿ ನಿಂತಿರುತ್ತವೆ.

ತೊಗರಿ ಮೊದಲ ಎರಡು ತಿಂಗಳು ನಿಧಾನ. ಆಗ ರಾಗಿಯದೇ ರಾಜ್ಯ. ರಾಗಿ ಕೊಯ್ದ ಮೇಲೆ ಉಳಿದ ತೇವ, ಬೆಳಕು, ಜಾಗ ಎಲ್ಲ ತೊಗರಿಗೆ ಸಿಗುತ್ತದೆ. ರಾಗಿ ಚೆನ್ನಾಗಿ ಬರಲಿ ಎಂದು ಮೇಲುಗೊಬ್ಬರವಾಗಿ ಹಾಕುವ ಯೂರಿಯಾವನ್ನು ತೊಗರಿ ಸಾಲಿಗೂ ಎರಚಿದರೆ ಗಿಡ ಇನ್ನೂ ಎಳೆದುಕೊಳ್ಳುತ್ತದೆ. ರಾಗಿ ಸಾಲಿಗಷ್ಟೇ ಹಾಕಿ. ಎಡೆಕುಂಟೆ ಹೊಡೆಯುವವರಿಗೂ ತೊಗರಿ ಸಾಲು ತೋರಿಸಿಡಿ. ಕುಂಟೆ ತಾಗಿ ಸಿಪ್ಪೆ ಸುಲಿದ ಗಿಡಕ್ಕೆ ಆ ಗಾಯದಿಂದಲೇ ರೋಗ ಏರುತ್ತದೆ.

ಕುಡಿ ಚಿವುಟುವುದು ನಿಜ, ಆದರೆ ಹೊತ್ತು ನೋಡಿ. ಬಿತ್ತಿದ 45ರಿಂದ 50ನೇ ದಿನ, ತುದಿಯ 5–6 ಸೆಂ.ಮೀ., ಅಂದರೆ ಬೆರಳಿನ ಎರಡು ಗೆಣ್ಣಿನಷ್ಟು. ತುದಿ ಹೋದರೆ ಪಕ್ಕದ ಕಣ್ಣುಗಳು ಒಡೆದು ರೆಂಬೆಯಾಗುತ್ತವೆ, ರೆಂಬೆ ಹೆಚ್ಚಿದರೆ ಕಾಯಿ ಗೊಂಚಲೂ ಹೆಚ್ಚು. ಮಳೆ ಬಿಟ್ಟ ಒಣ ದಿನ ಮಾಡಿ. ಮೊಗ್ಗು ಕಂಡ ಮೇಲೆ ಚಿವುಟಿದರೆ ಹೂವನ್ನೇ ಕಿತ್ತಂತೆ. ತಡವಾಗಿ ಬಿತ್ತಿ ಗಿಡ ಮೊಣಕಾಲಿಗೂ ಬಾರದಿದ್ದರೆ, ಮಳೆ ಕೈಕೊಟ್ಟಿದ್ದರೆ ಚಿವುಟಬೇಡಿ. ಹೊಸ ಚಿಗುರು ಎಬ್ಬಿಸಲು ಗಿಡದಲ್ಲಿ ಕಸುವಿರಬೇಕು. ಚಿವುಟಿದ್ದರ ಫಲ ಸಿಗುವುದು ಜಾಗ ಇದ್ದಾಗ ಮಾತ್ರ. ಒಂದು ಗುಳಿಯಲ್ಲಿ ನಾಲ್ಕು ಗಿಡ ಇಟ್ಟುಕೊಂಡು ಕುಡಿ ಚಿವುಟುವುದರಲ್ಲಿ ಅರ್ಥವಿಲ್ಲ.

ತೊಗರಿಯೊಂದನ್ನೇ ಹಾಕುವವರು 90×30 ಸೆಂ.ಮೀ. ಇಟ್ಟುಕೊಳ್ಳಿ, ಎಕರೆಗೆ 15,000 ಗಿಡ. ಬೇಗ ಬರುವ, ಕಡಿಮೆ ಹರಡುವ ತಳಿಗೆ 60×30 ಆದೀತು. ಚೀಲದಲ್ಲಿ ಸಸಿ ಬೆಳೆಸಿ ನಾಟಿ ಮಾಡುವ ಪದ್ಧತಿಯಲ್ಲಿ ಐದಡಿಗೆ ಮೂರಡಿ, ಎಕರೆಗೆ ಮೂರು ಸಾವಿರ ಸಸಿ. 25–30 ದಿನದ ಸಸಿ ಬೇಕು. ಅದಕ್ಕಿಂತ ಬಲಿತದ್ದಾದರೆ ತಾಯಿಬೇರು ಚೀಲದ ತಳದಲ್ಲಿ ಸುರುಳಿ ಸುತ್ತಿ, ನಾಟಿಯಾದ ಮೇಲೂ ನೆಟ್ಟಗೆ ಇಳಿಯದು.

ಪ್ರಶ್ನೆ: ಟೊಮೆಟೊ ತೆಗೆದ ಜಾಗದಲ್ಲಿ ಡ್ರಿಪ್ ಲೈನಿಗೇ ಅವರೆ ಹಾಕಿದ್ದೇವೆ. ಸೊಂಟದೆತ್ತರ ಹಬ್ಬಿದೆ, ಹೂವು ತೀರಾ ಕಮ್ಮಿ, ಕುಡಿಯಲ್ಲಿ ಹೇನು ತುಂಬಿದೆ. ಯಾವ ಟಾನಿಕ್ ಕೊಟ್ಟರೆ ಹೂವು ಬರುತ್ತದೆ?
— ಮಾಲೂರು ತಾಲ್ಲೂಕು

ಉತ್ತರ: ಟಾನಿಕ್ ಬೇಡ. ಇದು ಹೊಟ್ಟೆ ತುಂಬಿದವನ ಕಾಯಿಲೆ. ಟೊಮೆಟೊಗೆ ಕೊಟ್ಟ ಗೊಬ್ಬರ, ಕೋಳಿಗೊಬ್ಬರ ಮಣ್ಣಿನಲ್ಲಿ ಉಳಿದಿದೆ. ಬಿಟ್ಟಿ ಸಾರಜನಕ ಸಿಗುವಾಗ ಅವರೆ ಬೇರಿನಲ್ಲಿ ಗಂಟೂ ಕಟ್ಟುವುದಿಲ್ಲ, ಹೂವಿಗೂ ಆತುರಪಡುವುದಿಲ್ಲ, ಬಳ್ಳಿ ಬಿಡುತ್ತಾ ಹೋಗುತ್ತದೆ. ಹೇನಿಗೂ ಆ ಎಳೆ ಕುಡಿಯೇ ಇಷ್ಟ.

ಮೊದಲು ತಳಿ ಯಾವುದು ನೋಡಿ. ಸೊಗಡಿನ ನಾಟಿ ಅವರೆ ಹಗಲು ಗಿಡ್ಡವಾಗುವವರೆಗೆ ಹೂವು ಬಿಡುವುದಿಲ್ಲ. ಅದನ್ನು ಬೇಸಿಗೆಯಲ್ಲಿ ಬಿತ್ತಿ ಟಾನಿಕ್ ಹೊಡೆದರೆ ಹಣ ಮಾತ್ರ ಉದುರುತ್ತದೆ. ಹೆಬ್ಬಾಳ ಅವರೆ 3, 4ರಂಥ ಗಿಡ್ಡ ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ, ವರ್ಷದ ಯಾವ ಕಾಲಕ್ಕಾದರೂ ಹಾಕಬಹುದು. ಅವಕ್ಕೆ 45×15 ಸೆಂ.ಮೀ., ಎಕರೆಗೆ 60,000 ಗಿಡ, 10–12 ಕೆ.ಜಿ. ಬೀಜ. ಹಬ್ಬುವ ನಾಟಿ ತಳಿಯನ್ನು ಅದೇ ಅಳತೆಗೆ ಹಾಕಿದರೆ ಕಾಡಾಗುತ್ತದೆ. ಟೊಮೆಟೊ ಡ್ರಿಪ್‌ನ ಲ್ಯಾಟರಲ್ ನಾಲ್ಕೈದು ಅಡಿ ಅಂತರದಲ್ಲಿ ಇರುವುದರಿಂದ ಅನೇಕರು ಪೈಪಿನ ಪಕ್ಕದಲ್ಲೇ ಒತ್ತೊತ್ತಾಗಿ ಬೀಜ ಊರುತ್ತಾರೆ. ಸಾಲು ದೂರ, ಸಾಲಿನೊಳಗೆ ನೂಕುನುಗ್ಗಲು. ಪೈಪಿನ ಎರಡೂ ಬದಿ ಒಂದೊಂದು ಸಾಲು ಮಾಡಿ, ಸಾಲಿನೊಳಗೆ ಗೇಣಿಗೆ ಸ್ವಲ್ಪ ಕಡಿಮೆ ಬಿಟ್ಟು ಊರಿ.

ಈಗ ನಿಂತ ಬೆಳೆಗೆ: ಡ್ರಿಪ್‌ನಲ್ಲಿ ಸಾರಜನಕ ಪೂರಾ ನಿಲ್ಲಿಸಿ. ಗಿಡ ಮಧ್ಯಾಹ್ನ ತುಸು ಜೋಲುವ ತನಕ, ಐದಾರು ದಿನ, ನೀರು ತಡೆಯಿರಿ. ಹಬ್ಬಿದ ತುದಿಗಳನ್ನು ಚಿವುಟಿ. ಹೇನಿನ ಅರ್ಧ ಭಾಗ ಅದರಲ್ಲೇ ಹೋಗುತ್ತದೆ, ಚಿವುಟಿದ್ದನ್ನು ಹೊಲದಲ್ಲಿ ಬಿಡಬೇಡಿ. ಆಮೇಲೆ ಲೀಟರಿಗೆ 5 ಗ್ರಾಂ 0:52:34 (ಸಾರಜನಕವಿಲ್ಲದ, ರಂಜಕ–ಪೊಟ್ಯಾಷ್ ಮಾತ್ರದ ಗೊಬ್ಬರ) ಒಮ್ಮೆ. ಮೊಗ್ಗು ಕಂಡಾಗ ಶೇ 20ರ ಬೋರಾನ್ ಲೀಟರಿಗೆ 1 ಗ್ರಾಂ. ಬೋರಾನ್ ಒಂದೇ ಸಲ. ಕೊರತೆಗೂ ವಿಷಕ್ಕೂ ನಡುವೆ ಅದರಲ್ಲಿ ಅಂತರ ಬಹಳ ಕಡಿಮೆ. ಮುಂದಿನ ಸಲ ಟೊಮೆಟೊ ಹಿಂದೆ ಅವರೆ ಹಾಕುವಾಗ ಡಿಎಪಿ ಬೇಡ, ಸೂಪರ್ ಫಾಸ್ಫೇಟ್ ಸಾಕು. ಅದೂ ಮಣ್ಣು ಪರೀಕ್ಷೆಯಲ್ಲಿ ರಂಜಕ ಕಡಿಮೆ ಎಂದು ಬಂದರೆ.

ಪ್ರಶ್ನೆ: ತೊಗರಿಯಲ್ಲಿ ಅಲ್ಲಲ್ಲಿ ಕೆಲವು ಗಿಡ ಪೊದೆಯಂತೆ ಹಸಿರಾಗಿವೆ, ಎಲೆ ಚಿಕ್ಕದು, ಹೂವೇ ಇಲ್ಲ. ಅಂಗಡಿಯವರು ಪೋಷಕಾಂಶ ಕೊರತೆ ಎಂದು ಮೂರು ಸಲ ಹೊಡೆಸಿದರು.
— ಗುಬ್ಬಿ ತಾಲ್ಲೂಕು

ಉತ್ತರ: ಕೊರತೆಯಾಗಿದ್ದರೆ ಪಟ್ಟಿ ಪಟ್ಟಿಯಾಗಿ, ಮಣ್ಣು ಕೆಟ್ಟಲ್ಲೆಲ್ಲ ಕಾಣಬೇಕಿತ್ತು. ಒಳ್ಳೆ ಗಿಡದ ಪಕ್ಕದಲ್ಲೇ ಒಂದು ಗೊಡ್ಡು ಗಿಡ ನಿಂತಿದೆಯೆಂದರೆ ಅದು ಗೊಡ್ಡು ರೋಗ, ಬಂಜೆ ರೋಗ ಎನ್ನುವುದೂ ಅದನ್ನೇ. ಎಲೆಯನ್ನು ಸೂರ್ಯನಿಗೆ ಹಿಡಿದು ನೋಡಿ, ತಿಳಿ ಹಸಿರು ಮತ್ತು ಕಡು ಹಸಿರಿನ ಮಚ್ಚೆಗಳು ಕಲಸಿದಂತೆ ಕಾಣುತ್ತವೆ. ವೈರಸ್ಸನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿ, ಗಾಳಿಯಲ್ಲಿ ತೇಲಿ ಬರುತ್ತದೆ. ಯಾವ ಗೊಬ್ಬರ ಹೊಡೆದರೂ ಆ ಗಿಡ ಹೂವು ಬಿಡುವುದಿಲ್ಲ. ಇನ್ನಷ್ಟು ಹಸಿರಾಗಿ ನುಸಿಗೆ ಮನೆಯಾಗುತ್ತದೆ.

ಬಿತ್ತಿದ ಒಂದೂವರೆ ತಿಂಗಳೊಳಗೆ ಕಂಡ ಗಿಡಗಳನ್ನು ಕಿತ್ತು ಸುಡಿ. ಉಳಿದವಕ್ಕೆ ನೀರಿನಲ್ಲಿ ಕದಡುವ ಗಂಧಕ ಲೀಟರಿಗೆ 3 ಗ್ರಾಂ. ಬದುವಿನಲ್ಲಿ, ಹಿತ್ತಲಲ್ಲಿ ವರ್ಷಗಟ್ಟಲೆ ನಿಂತ ತೊಗರಿ ಗಿಡ, ಕೊಯ್ದ ಕೂಳೆಯಿಂದ ಚಿಗುರಿದ ಗಿಡಗಳೇ ರೋಗದ ಉಗ್ರಾಣ. ಅವನ್ನು ಬಿತ್ತನೆಗೆ ಮೊದಲೇ ತೆಗೆಯಬೇಕು. ‘ಮಾರುತಿ’ ತಳಿ ಸೊರಗು ರೋಗವನ್ನು ತಡೆಯುತ್ತದೆ, ಇದನ್ನು ತಡೆಯುವುದಿಲ್ಲ. ಬೀಜ ಕೊಳ್ಳುವಾಗ ಎರಡೂ ರೋಗದ ಬಗ್ಗೆ ಬೇರೆ ಬೇರೆಯಾಗಿ ಕೇಳಿ. ಹಿರೇಹಳ್ಳಿ ಅಥವಾ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ರೆಂಬೆ ಒಯ್ದರೆ ಕಣ್ಣೆದುರೇ ತೋರಿಸಿ ಹೇಳುತ್ತಾರೆ.

ಹೆಸರು, ಉದ್ದಿನಲ್ಲಿ ಹಳದಿ ನಂಜು ರೋಗಕ್ಕೂ ಇದೇ ಮಾತು. ಬಿಳಿ ನೊಣ ತಂದ ಹಳದಿಗೆ ಕಬ್ಬಿಣ, ಸತು ಹೊಡೆದು ಉಪಯೋಗವಿಲ್ಲ.

ಪ್ರಶ್ನೆ: ಪಲ್ಸ್ ಮ್ಯಾಜಿಕ್, ಡಿಎಪಿ, ಪ್ಲಾನೋಫಿಕ್ಸ್, 19:19:19 ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲ ಕೂಡಿಸಿ ಕಾಯಿಕೊರಕದ ಔಷಧಿ ಜೊತೆ ಒಂದೇ ಸಲ ಹೊಡೆದರೆ ಕೂಲಿ ಉಳಿಯುತ್ತದಲ್ಲ?
— ಬಾಗೇಪಲ್ಲಿ ತಾಲ್ಲೂಕು

ಉತ್ತರ: ಕೂಲಿ ಉಳಿಯುತ್ತದೆ, ಹೂವು ಉಳಿಯುವ ಖಾತ್ರಿ ಇಲ್ಲ.

ಪಲ್ಸ್ ಮ್ಯಾಜಿಕ್ ರಾಯಚೂರು ಕೃಷಿ ವಿಶ್ವವಿದ್ಯಾಲಯದ ತಯಾರಿಕೆ. ಸಾರಜನಕ, ರಂಜಕ, ಲಘು ಪೋಷಕಾಂಶಗಳ ಜೊತೆ ಬೆಳವಣಿಗೆ ಪ್ರಚೋದಕವೂ ಅದರಲ್ಲೇ ಇದೆ. ಲೀಟರಿಗೆ 10 ಗ್ರಾಂ, ಎಕರೆಗೆ 2 ಕೆ.ಜಿ., ಶೇ 50 ಹೂವಿನಲ್ಲಿ ಒಮ್ಮೆ, ಹದಿನೈದು ದಿನಕ್ಕೆ ಇನ್ನೊಮ್ಮೆ. ಶೇ 50 ಹೂವು ಎಂದರೆ ನೂರು ಗಿಡದಲ್ಲಿ ಐವತ್ತು ಗಿಡ ಒಂದಾದರೂ ಹೂವು ಅರಳಿಸಿರಬೇಕು ಎಂದರ್ಥ. ಗಿಡದ ಅರ್ಧ ಹೂವು ಅರಳುವವರೆಗೆ ಕಾದವರು ಹತ್ತು ದಿನ ತಡ ಮಾಡಿರುತ್ತಾರೆ. ಇದು ಸಿಕ್ಕರೆ ಪ್ಲಾನೋಫಿಕ್ಸ್ ಬೇಡ. ಸಿಗದಿದ್ದರೆ ಶೇ 2 ಡಿಎಪಿ, ಜೊತೆಗೆ ಶೇ 4.5ರ ಎನ್‌ಎಎ (ಪ್ಲಾನೋಫಿಕ್ಸ್ ಎಂದರೆ ಇದೇ) 10 ಲೀಟರಿಗೆ 4.5 ಮಿ.ಲೀ.; 16 ಲೀಟರ್ ಟ್ಯಾಂಕಿಗೆ 7 ಮಿ.ಲೀ. ಮುಚ್ಚಳದಲ್ಲಿ ಅಳೆಯದೆ ಸಿರಿಂಜಿನಲ್ಲಿ ಅಳೆಯಿರಿ. ಹೂವು ಉದುರದಂತೆ ತಡೆಯುವ ಈ ಔಷಧಿಯೇ ಪ್ರಮಾಣ ಮೀರಿದರೆ ಹೂವು ಉದುರಿಸುತ್ತದೆ. 19:19:19 ಹೂವಿನ ಕಾಲದ್ದಲ್ಲ, 25–30 ದಿನದ ಎಳೆ ಗಿಡ ಮಂಕಾಗಿದ್ದರೆ ಲೀಟರಿಗೆ 5 ಗ್ರಾಂ.

ತೊಗರಿಯಲ್ಲಿ ನೂರು ಹೂವಿಗೆ ಎಂಬತ್ತು ಉದುರುವುದು ಸಹಜ. ಬುಡದಲ್ಲಿ ಹಳದಿ ಹಾಸಿಗೆ ಕಂಡು ಗಾಬರಿಯಾಗಿ ಅಂಗಡಿಗೆ ಓಡಬೇಡಿ. ಮೋಡ, ಮಂಜು ಮುಸುಕಿದ ವಾರ ಇನ್ನೂ ಹೆಚ್ಚು ಉದುರುತ್ತದೆ, ಬಿಸಿಲು ಬಂದರೆ ಎರಡನೇ ಸುತ್ತು ಬಿಡುತ್ತದೆ.

ಬೆರೆಸುವ ವಿಚಾರ: ಡಿಎಪಿ ಜೊತೆ ಸತುವಿನ ಸಲ್ಫೇಟ್, ಕ್ಯಾಲ್ಸಿಯಂ ನೈಟ್ರೇಟ್ ಸೇರಿಸಿದರೆ ಮೊಸರು ಒಡೆದಂತಾಗಿ ತಳಕ್ಕೆ ಕೂರುತ್ತದೆ, ಎರಡೂ ದಂಡ. ಸತು ಬೇಕಿದ್ದರೆ ಬೇರೆ ದಿನ, ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಣ್ಣದ ತಿಳಿಯೊಂದಿಗೆ. ಕೀಟನಾಶಕ ಬೆರೆಸುವ ಮುಂಚೆ ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ನೀರಿಗೆ ಅದೇ ಪ್ರಮಾಣದಲ್ಲಿ ಎರಡನ್ನೂ ಹಾಕಿ ಅಲುಗಿಸಿ ಅರ್ಧ ಗಂಟೆ ಇಡಿ. ಗಸಿ ಕೂತರೆ, ನೊರೆ ಕಟ್ಟಿದರೆ, ಬಾಟಲಿ ಬಿಸಿಯಾದರೆ ಬೆರೆಸಬೇಡಿ. ಪರೀಕ್ಷೆಯಲ್ಲಿ ಪಾಸಾದರೂ ಎರಡಕ್ಕಿಂತ ಹೆಚ್ಚು ಬೆರೆಸುವುದು ನಮಗೆ ಒಪ್ಪಿಗೆಯಿಲ್ಲ. ಎಲೆ ಸುಟ್ಟರೆ ಯಾವುದರಿಂದ ಎಂದು ಆಮೇಲೆ ಹೇಳಲಾಗದು.

ಪ್ರತಿ ಸಲ ನಾಲ್ಕು ಸಾಲು ಏನೂ ಹೊಡೆಯದೆ ಬಿಡಿ, ಎರಡು ಕಡೆ ಗೂಟ ನೆಡಿ. ಕೊಯ್ಲಿನಲ್ಲಿ ಆ ನಾಲ್ಕು ಸಾಲನ್ನೂ ಪಕ್ಕದ ನಾಲ್ಕು ಸಾಲನ್ನೂ ಬೇರೆ ಬಡಿದು ತೂಗಿ. ಔಷಧಿ, ಕೂಲಿಯ ದುಡ್ಡು ಬಂತೋ ಇಲ್ಲವೋ ನಿಮ್ಮ ಹೊಲವೇ ಹೇಳುತ್ತದೆ.

ಪ್ರಶ್ನೆ: ಗೊಬ್ಬರ ಹೊಡೆದ ವಾರಕ್ಕೆ ಅಲಸಂದೆಯ ಎಲೆ ಬೆರಳಿನಂತೆ ಸಪೂರವಾಗಿ, ತೊಟ್ಟು ತಿರುಚಿಕೊಂಡವು. ಗೊಬ್ಬರ ಕಲಬೆರಕೆಯೇ?
— ಬಂಗಾರಪೇಟೆ ತಾಲ್ಲೂಕು

ಉತ್ತರ: ಅದೇ ಪಂಪಿನಲ್ಲಿ ಮೊದಲು ರಾಗಿಗೆ 2,4-ಡಿ ಕಳೆನಾಶಕ ಹೊಡೆದಿದ್ದಿರಾ ನೆನಪಿಸಿಕೊಳ್ಳಿ. ನೀವು ಬರೆದ ಲಕ್ಷಣ ಅದರದ್ದೇ. ಅಗಲ ಎಲೆಯ ಕಳೆ ಕೊಲ್ಲುವ ಔಷಧಿಗೆ ಅಲಸಂದೆ, ಅವರೆ, ತೊಗರಿಯೂ ಅಗಲ ಎಲೆಯ ಗಿಡಗಳೇ. ಪೈಪು, ವಾಷರ್, ನಾಜಲಿನ ಸಂದಿಯಲ್ಲಿ ಉಳಿದ ಲವಲೇಶವೂ ಸಾಕು. ಮೂರು ಸಲ ನೀರಲ್ಲಿ ತೊಳೆದು, ಬಟ್ಟೆ ಸೋಡದ ನೀರು ತುಂಬಿ ಪೈಪಿನಲ್ಲೂ ಹಾಯಿಸಿ ಒಂದು ರಾತ್ರಿ ಬಿಟ್ಟು ಮತ್ತೆ ತೊಳೆಯಬೇಕು. ಅಷ್ಟು ಮಾಡಿದರೂ ನಂಬಿಕೆ ಸಾಲದು. ಕಳೆನಾಶಕಕ್ಕೆ ಬೇರೆಯದೇ ಪಂಪ್ ಇಟ್ಟು ಕೆಂಪು ಬಣ್ಣ ಬಳಿದುಬಿಡಿ. ರಾಗಿಯಲ್ಲಿ ಅಕ್ಕಡಿ ಇರುವ ಹೊಲಕ್ಕಂತೂ 2,4-ಡಿ ಬೇಡವೇ ಬೇಡ.

ಪ್ರಶ್ನೆ: ಕಡಲೆಕಾಯಿ–ತೊಗರಿ ಹೊಲದಲ್ಲಿ ಮಳೆ ಹೋಗಿ ಹದಿನೆಂಟು ದಿನವಾಯಿತು. ಎಲೆಗೆ ಏನಾದರೂ ಹೊಡೆದು ಉಳಿಸಬಹುದೇ?
— ಪಾವಗಡ ತಾಲ್ಲೂಕು

ಉತ್ತರ: ಬೆಳಗ್ಗೆ ಆರಕ್ಕೆ ಹೊಲಕ್ಕೆ ಹೋಗಿ. ಎಲೆ ಆಗಲೂ ಜೋತಿದ್ದರೆ ಏನೂ ಹೊಡೆಯಬೇಡಿ, ಸುಡುತ್ತದೆ. ಬೆಳಗ್ಗೆ ನೆಟ್ಟಗಿದ್ದು ಮಧ್ಯಾಹ್ನ ಮಾತ್ರ ಬಾಡುತ್ತಿದ್ದರೆ, ಸಂಜೆ ಹೊತ್ತು ಲೀಟರಿಗೆ 10 ಗ್ರಾಂ 13:0:45, ಅಥವಾ ಅಷ್ಟೇ ಪ್ರಮಾಣದ ಬಿಳಿ ಪೊಟ್ಯಾಷ್ ಸೋಸಿ ಹೊಡೆಯಿರಿ. ಎಲೆಯ ರಂಧ್ರಗಳನ್ನು ತೆರೆದು ಮುಚ್ಚುವುದು ಪೊಟ್ಯಾಷ್. ನೀರು ಆರಿಹೋಗುವುದು ಸ್ವಲ್ಪ ತಗ್ಗಿ, ಹತ್ತು ದಿನದ ಅವಕಾಶ ಸಿಗುತ್ತದೆ. ಅದಕ್ಕೂ ಮೊದಲು ತೊಗರಿ ಪಟ್ಟಿಯಲ್ಲಿ ಎಡೆಕುಂಟೆ ಹೊಡೆದು ಮೇಲ್ಮಣ್ಣು ಪುಡಿ ಮಾಡಿ. ಹೂಡು (ಹೂವಿನಿಂದ ಮಣ್ಣಿಗಿಳಿದು ಕಾಯಾಗುವ ಸೂಜಿ) ಇಳಿಯುತ್ತಿರುವ ಕಡಲೆಕಾಯಿ ಸಾಲಿಗೆ ಕುಂಟೆ ತಾಗಿಸಬೇಡಿ.

ಪ್ರಶ್ನೆ: ಡ್ರೋನಿನಲ್ಲಿ ಡಿಎಪಿ ಹೊಡೆಸಬಹುದೇ?
— ಕೊರಟಗೆರೆ ತಾಲ್ಲೂಕು

ಉತ್ತರ: ಡ್ರೋನ್ ಎಕರೆಗೆ ಸುಮಾರು 10 ಲೀಟರ್ ನೀರಲ್ಲೇ ಮುಗಿಸುತ್ತದೆ. 200 ಲೀಟರಿನ 4 ಕೆ.ಜಿ. ಡಿಎಪಿಯನ್ನು ಅಷ್ಟಕ್ಕೇ ಕಲಸಿದರೆ ಶೇ 40ರ ಉಪ್ಪುನೀರು. ಎಲೆ ಉಳಿಯದು, ನಾಜಲೂ ಉಳಿಯದು. ಲೀಟರಿಗೆ 20 ಗ್ರಾಂ ಎಂದು ಹಾಕಿದರೆ ಎಕರೆಗೆ ಬೀಳುವುದು ಬರೀ 200 ಗ್ರಾಂ. ಕೀಟನಾಶಕಕ್ಕೆ ಡ್ರೋನ್ ಸರಿ, ಡಿಎಪಿಗೆ ಬೆನ್ನಿನ ಪಂಪೇ ಮೇಲು.

ಪ್ರಶ್ನೆ: ಹುಬ್ಬ ಮಳೆಗೆ ಹಾಕಿದ ಹುರುಳಿಗೂ ಸ್ಪ್ರೇ ಬೇಕೇ?
— ಮುಳಬಾಗಿಲು ತಾಲ್ಲೂಕು

ಉತ್ತರ: ಬೇಡ. ಚೆಲ್ಲುವ ಬದಲು 30 ಸೆಂ.ಮೀ. ಸಾಲಿನಲ್ಲಿ, ಗಿಡಕ್ಕೆ 10 ಸೆಂ.ಮೀ. ಎಡೆ ಬಿಟ್ಟು ಬಿತ್ತಿ, ಮೊದಲ ತಿಂಗಳು ಒಮ್ಮೆ ಕಳೆ ತೆಗೆಯಿರಿ. ಆ ಕೂಲಿಗೆ ಸಿಗುವ ಫಲ ಹುರುಳಿಯಲ್ಲಿ ಯಾವ ಸಿಂಪರಣೆಗೂ ಸಿಗದು.